ಮಕ್ಕಳ ಮೂಗಿನಡಿಯ ಹಳದಿ ಹಕ್ಕಳೆ: ಇಂಪೆಟೈಗೊ ಏಕೆ ಬರುತ್ತದೆ, ಏಕೆ ಮರಳಿ ಮರಳಿ ಬರುತ್ತದೆ

ಮಗುವಿನ ಮೂಗಿನ ಹೊಳ್ಳೆಯ ಕೆಳಗೆ ಒಂದು ಸಣ್ಣ ಕೆಂಪು ಗುಳ್ಳೆ ಏಳುತ್ತದೆ. ಅದು ಬೇಗನೆ ಒಡೆದು ನೀರು ಜಿನುಗುತ್ತದೆ, ಆ ನೀರು ಒಣಗಿ ಜೇನುತುಪ್ಪದ ಬಣ್ಣದ ಹಕ್ಕಳೆ ಕಟ್ಟುತ್ತದೆ. ಕೆಲವು ದಿನ ಕಳೆಯುವಷ್ಟರಲ್ಲಿ ಗದ್ದದ ಮೇಲೆ ಇನ್ನೆರಡು, ಕಿವಿಯ ಹಿಂದೆ ಒಂದು, ಮೊಣಕಾಲಿನ ಹಳೆಯ ತರಚುಗಾಯದ ಸುತ್ತ ಮತ್ತೊಂದಷ್ಟು ಕಾಣಿಸಿಕೊಳ್ಳುತ್ತವೆ. ಮಗುವಿಗೆ ಜ್ವರವಿಲ್ಲ, ಊಟ ಬಿಟ್ಟಿಲ್ಲ, ಆಟವಂತೂ ನಿಂತೇ ಇಲ್ಲ. ಹೀಗಾಗಿ ಮನೆಯ ಹಿರಿಯರು ಉಷ್ಣವಾಗಿದೆ ಎಂದು ಎಳನೀರು ಕುಡಿಸುತ್ತಾರೆ, ಮಾವಿನ ಹಣ್ಣನ್ನು ಮಗುವಿನ ಕೈಗೆಟುಕದಂತೆ ಇಡುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ಮಲಗುವ ತಂಗಿಯ ಕೆನ್ನೆಯ ಮೇಲೂ ಅದೇ ಗುಳ್ಳೆ ಮೂಡಿರುತ್ತದೆ.

ಇದರ ಹೆಸರು ಇಂಪೆಟೈಗೊ. ಚರ್ಮದ ಅತ್ಯಂತ ಮೇಲಿನ ಪದರಕ್ಕೆ ತಗಲುವ ಬ್ಯಾಕ್ಟೀರಿಯಾ ಸೋಂಕು ಇದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಅತಿ ಹೆಚ್ಚು, ಆದರೆ ಶಾಲೆಗೆ ಹೋಗುವ ಮಕ್ಕಳಿಗೂ ಹಸುಗೂಸುಗಳಿಗೂ ಬರಬಹುದು. 2015ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನ ಪ್ರಕಾರ ಯಾವುದೇ ಸಮಯದಲ್ಲಿ ಲೆಕ್ಕ ಹಾಕಿದರೂ ಪ್ರಪಂಚದ ಸುಮಾರು 16 ಕೋಟಿ 20 ಲಕ್ಷ ಮಕ್ಕಳ ಮೈಮೇಲೆ ಈ ಹುಣ್ಣುಗಳಿರುತ್ತವೆ. ಇಷ್ಟು ವ್ಯಾಪಕವಾಗಿದ್ದರೂ ಇದರ ಬಗ್ಗೆ ಮಾತು ಕಡಿಮೆ, ಏಕೆಂದರೆ ಸಾಮಾನ್ಯವಾಗಿ ಇದು ಜೀವಕ್ಕೆ ಎರವಾಗುವುದಿಲ್ಲ ಮತ್ತು ಸರಿಯಾದ ಮುಲಾಮು ಹಚ್ಚಿದರೆ ಒಂದು ವಾರದಲ್ಲಿ ಇಳಿಯುತ್ತದೆ. ತೊಡಕಿರುವುದು ಆಮೇಲೆ. ಗುಣವಾದ ಮಗು ತಿಂಗಳೊಳಗೆ ಅದೇ ಹುಣ್ಣುಗಳೊಂದಿಗೆ ಮತ್ತೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತದೆ. ನಾವು ಹುಣ್ಣಿಗೆ ಔಷಧ ಹಚ್ಚುತ್ತೇವೆ, ಹುಣ್ಣಾಗಲು ದಾರಿ ಮಾಡಿಕೊಟ್ಟದ್ದನ್ನು ಹುಡುಕುವುದಿಲ್ಲ.

ಸೋಂಕು ಒಳಗೆ ಬರುವ ದಾರಿ

ಇಂಪೆಟೈಗೊ ಉಂಟುಮಾಡುವುದು ಮುಖ್ಯವಾಗಿ ಎರಡು ಬಗೆಯ ಬ್ಯಾಕ್ಟೀರಿಯಾ. ಒಂದು ಸ್ಟ್ಯಾಫಿಲೊಕಾಕಸ್ ಆರಿಯಸ್, ಇನ್ನೊಂದು ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್. ಕೆಲವೊಮ್ಮೆ ಎರಡೂ ಒಟ್ಟಿಗೇ ಇರುತ್ತವೆ. ಮೊದಲನೆಯದು ನಮಗೆ ಅಪರಿಚಿತವೇನಲ್ಲ; ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಮಗು ಮೂಗಿನಲ್ಲಿ ಬೆರಳು ಹಾಕುತ್ತದೆ, ಅದೇ ಬೆರಳಿನಿಂದ ಸೊಳ್ಳೆ ಕಚ್ಚಿದ ಜಾಗವನ್ನು ಕೆರೆಯುತ್ತದೆ. ಅಷ್ಟು ಸಾಕು.

ಗಾಯವಿಲ್ಲದ, ಆರೋಗ್ಯವಾದ ಚರ್ಮದ ಮೇಲೆ ಈ ಬ್ಯಾಕ್ಟೀರಿಯಾಗಳು ಬಂದು ಕುಳಿತರೂ ಒಳಹೊಕ್ಕು ನೆಲೆಯೂರುವುದು ಸುಲಭವಲ್ಲ. ಅವಕ್ಕೊಂದು ಬಿರುಕು ಬೇಕು. ಸೊಳ್ಳೆ ಕಡಿತ, ಬಿದ್ದಾಗ ಆದ ತರಚುಗಾಯ, ನೆಗಡಿಯಲ್ಲಿ ಸುರಿಯುವ ಸಿಂಬಳವನ್ನು ಒರೆಸಿ ಒರೆಸಿ ಹಸಿಯಾದ ಮೂಗಿನ ಕೆಳಭಾಗ, ಬೇಸಿಗೆಯ ಬೆವರುಸಾಲೆ, ಇಸುಬು, ತುರಿಕಜ್ಜಿ, ತಲೆಯ ಹೇನು ಕಚ್ಚಿ ಕೆರೆದ ಜಾಗ, ಇವೆಲ್ಲ ಬಿರುಕುಗಳೇ. ಮಾವಿನ ಕಾಲದಲ್ಲಿ ಗುಳ್ಳೆ ಹೆಚ್ಚುತ್ತದೆ ಎಂದು ಹಿರಿಯರು ಗಮನಿಸಿರುವುದು ಸುಳ್ಳಲ್ಲ, ಆದರೆ ಅದಕ್ಕೆ ಹಣ್ಣು ಹೊಣೆಯಲ್ಲ. ಸೆಕೆ, ಬೆವರು, ಬೆವರುಸಾಲೆ, ಬರಿಮೈಯಲ್ಲಿ ಮಣ್ಣಿನಲ್ಲಿ ಆಡುವುದು, ಇವೆಲ್ಲ ಒಂದೇ ಕಾಲಕ್ಕೆ ಕೂಡಿಬರುತ್ತವೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲವೂ ಇದಕ್ಕೆ ಅನುಕೂಲವೇ: ಗಾಳಿಯಲ್ಲಿ ತೇವ, ಒಣಗದ ಬಟ್ಟೆ, ಸೊಳ್ಳೆ, ಉಂಬಳ ಕಚ್ಚಿದ ಗಾಯ.

ಒಬ್ಬರಿಂದ ಒಬ್ಬರಿಗೆ ಹರಡುವುದು ನೇರ ಸ್ಪರ್ಶದಿಂದ ಅಥವಾ ಸ್ಪರ್ಶಿಸಿದ ವಸ್ತುಗಳಿಂದ. ಒಂದೇ ಟವೆಲ್, ಒಂದೇ ದಿಂಬು, ಅಂಗನವಾಡಿಯ ಒಂದೇ ಚಾಪೆ, ಆಟಿಕೆ. ಸೋಂಕು ತಗಲಿದ ಮೇಲೆ ಗುಳ್ಳೆ ಕಾಣಿಸಲು ಕೆಲವು ದಿನಗಳಿಂದ ಸುಮಾರು ಹತ್ತು ದಿನಗಳವರೆಗೆ ಹಿಡಿಯಬಹುದು. ತಂಗಿಗೆ ತಡವಾಗಿ ಬರುವುದಕ್ಕೂ ಯಾರಿಂದ ಬಂತೆಂದು ಮನೆಯವರಿಗೆ ಗೊತ್ತಾಗದಿರುವುದಕ್ಕೂ ಇದೇ ಕಾರಣ.

ಸಾಮಾನ್ಯ ರೂಪ ನಾನು ಮೊದಲು ಹೇಳಿದ್ದೇ: ಗುಳ್ಳೆ, ಒಡೆತ, ಹಳದಿ ಹಕ್ಕಳೆ. ಹತ್ತರಲ್ಲಿ ಏಳು ಪ್ರಕರಣಗಳು ಹೀಗೇ ಇರುತ್ತವೆ. ತುರಿಕೆ ಸ್ವಲ್ಪ ಇರಬಹುದು, ನೋವು ಕಡಿಮೆ. ದವಡೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗಬಹುದು. ಇನ್ನೊಂದು ರೂಪದಲ್ಲಿ ದೊಡ್ಡ ದೊಡ್ಡ ನೀರುಗುಳ್ಳೆಗಳು ಏಳುತ್ತವೆ. ಇದು ಹಸುಗೂಸುಗಳಲ್ಲಿ ಹೆಚ್ಚು. ಹೊಟ್ಟೆ, ಕಂಕುಳು, ಲಂಗೋಟಿ ಕಟ್ಟುವ ಭಾಗಗಳಲ್ಲಿ ಕಾಣುತ್ತದೆ. ಗುಳ್ಳೆ ಬಿಗಿಯಾಗಿರದೆ ಜೋತುಬಿದ್ದಂತೆ ಸಡಿಲವಾಗಿರುತ್ತದೆ. ಒಳಗಿನ ನೀರು ಮೊದಲು ತಿಳಿಹಳದಿ, ಬಳಿಕ ಕದಡಿದ ಬಣ್ಣ. ಒಡೆದಾಗ ಅಂಚಿನಲ್ಲಿ ತೆಳು ಸಿಪ್ಪೆಯ ಉಂಗುರ ಉಳಿಯುತ್ತದೆ.

ಈ ನೀರುಗುಳ್ಳೆ ಏಕೆ ಏಳುತ್ತದೆ ಎನ್ನುವುದು ನನಗೆ ಈ ಕಾಯಿಲೆಯಲ್ಲಿ ಅತ್ಯಂತ ಕುತೂಹಲಕರ ಅನ್ನಿಸಿದ ಭಾಗ. ಚರ್ಮದ ಮೇಲ್ಪದರದ ಜೀವಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅವುಗಳ ನಡುವಿನ ಗಾರೆಯಾಗಿ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಡೆಸ್ಮೊಗ್ಲೀನ್-1 ಮುಖ್ಯವಾದದ್ದು. ಸ್ಟ್ಯಾಫಿಲೊಕಾಕಸ್‌ನ ಕೆಲವು ತಳಿಗಳು ಒಂದು ವಿಷವಸ್ತುವನ್ನು ಸ್ರವಿಸುತ್ತವೆ. ಅದು ಬೇರಾವುದನ್ನೂ ಮುಟ್ಟದೆ ನೇರವಾಗಿ ಈ ಪ್ರೋಟೀನನ್ನು ಕತ್ತರಿಸುತ್ತದೆ. ಕೋಶಗಳು ಸಡಿಲವಾಗಿ ಬೇರ್ಪಡುತ್ತವೆ, ನಡುವಿನ ಖಾಲಿ ಜಾಗದಲ್ಲಿ ನೀರು ತುಂಬುತ್ತದೆ. ಡೆಸ್ಮೊಗ್ಲೀನ್-1 ಕೆಲಸ ಮಾಡುವುದು ಮುಖ್ಯವಾಗಿ ಮೇಲಿನ ಪದರಗಳಲ್ಲಿ. ಹಾಗಾಗಿ ಗುಳ್ಳೆಯೂ ಮೇಲೇ ಏಳುತ್ತದೆ, ಬೇಗ ಒಡೆಯುತ್ತದೆ, ಶಾಶ್ವತ ಕಲೆ ಉಳಿಸದೆ ಮಾಯುತ್ತದೆ. ಅದೇ ವಿಷ ರಕ್ತಕ್ಕೆ ಸೇರಿ ಮೈಯೆಲ್ಲಾ ಹರಡಿದರೆ ಮಾತು ಬೇರೆ. ಮಗುವಿನ ಚರ್ಮ ಕೆಂಪಗಾಗಿ, ಮುಟ್ಟಿದರೆ ಅಳುವಷ್ಟು ನೋವಾಗಿ, ಬಿಸಿನೀರು ಬಿದ್ದು ಸುಟ್ಟ ಹಾಗೆ ಸುಲಿಯತೊಡಗುತ್ತದೆ. ನವಜಾತ ಶಿಶುಗಳಲ್ಲಿ ಮತ್ತು ಐದಾರು ವರ್ಷದೊಳಗಿನವರಲ್ಲಿ ಕಾಣುವ ಈ ಸ್ಥಿತಿಗೆ ಆಸ್ಪತ್ರೆಗೆ ದಾಖಲಾಗಲೇಬೇಕು, ಅದೂ ಅದೇ ದಿನ.

ಬಾಯಿಯ ಸುತ್ತಲಿನ ಎಲ್ಲ ಹುಣ್ಣೂ ಇಂಪೆಟೈಗೊ ಅಲ್ಲ. ಒತ್ತೊತ್ತಾಗಿ ಗುಂಪುಗೂಡಿದ ಪುಟ್ಟ ನೀರುಗುಳ್ಳೆಗಳು, ಉರಿ, ಪ್ರತಿ ಸಲ ಅದೇ ಜಾಗದಲ್ಲಿ ಮರುಕಳಿಸುವಿಕೆ ಇದ್ದರೆ ಅದು ಹರ್ಪಿಸ್ ವೈರಸ್ ಇರಬಹುದು. ಅಂಗೈ, ಅಂಗಾಲು, ಬಾಯೊಳಗೆ ಏಕಕಾಲಕ್ಕೆ ಗುಳ್ಳೆ ಎದ್ದರೆ ಅದು ಕೈ-ಕಾಲು-ಬಾಯಿ ರೋಗ. ಮೈತುಂಬ ಹೊಸವೂ ಹಳೆಯವೂ ಬೆರೆತ ಗುಳ್ಳೆಗಳು, ಜೊತೆಗೆ ಜ್ವರ ಇದ್ದರೆ ನಮ್ಮಲ್ಲಿ ಅಮ್ಮ ಬಂದಿದೆ ಎನ್ನುತ್ತೇವಲ್ಲ, ಆ ಚಿಕನ್‌ಪಾಕ್ಸ್. ಹುಳುಕಡ್ಡಿಯಲ್ಲಿ ಉಂಗುರದ ಅಂಚು ಉಬ್ಬಿ, ನಡುಭಾಗ ತಿಳಿಯಾಗಿ, ಹೊಟ್ಟು ಏಳುತ್ತದೆ, ಜಿನುಗುವ ಹಳದಿ ಹಕ್ಕಳೆ ಇರುವುದಿಲ್ಲ. ಇಸುಬು ಇರುವ ಮಗುವಿಗೆ ದಿಢೀರನೆ ಜ್ವರ ಬಂದು, ಇಸುಬಿನ ಮೇಲೆಲ್ಲ ಒಂದೇ ಅಳತೆಯ ನೋವಿನ ಗುಳ್ಳೆಗಳು ಎದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅದು ಹರ್ಪಿಸ್ ಹರಡಿರುವ ಗಂಭೀರ ಸ್ಥಿತಿಯಾಗಿರಬಹುದು.

ಚಿಕಿತ್ಸೆ ಎಂದರೆ ಏನು

ಹುಣ್ಣುಗಳು ಕೆಲವೇ ಇದ್ದು ಒಂದೇ ಭಾಗಕ್ಕೆ ಸೀಮಿತವಾಗಿದ್ದರೆ ಹಚ್ಚುವ ಮುಲಾಮು ಸಾಕು. ಮುಪಿರೋಸಿನ್ ಅಥವಾ ಫ್ಯೂಸಿಡಿಕ್ ಆಮ್ಲದ ಮುಲಾಮನ್ನು ವೈದ್ಯರು ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಬಾರಿ, ಐದರಿಂದ ಏಳು ದಿನ ಹಚ್ಚಲು ಹೇಳುತ್ತಾರೆ. ಓಜೆನಾಕ್ಸಾಸಿನ್ ಎಂಬ ಹೊಸ ಮುಲಾಮೂ ಇದೆ. 2012ರಲ್ಲಿ ಕಾಕ್ರೇನ್ ಸಂಸ್ಥೆ 68 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಹುಣ್ಣುಗಳು ಸೀಮಿತವಾಗಿದ್ದಾಗ ಮುಪಿರೋಸಿನ್ ಮತ್ತು ಫ್ಯೂಸಿಡಿಕ್ ಆಮ್ಲ ನುಂಗುವ ಔಷಧಿಗಳಷ್ಟೇ ಅಥವಾ ಅವುಗಳಿಗಿಂತ ಹೆಚ್ಚು ಪರಿಣಾಮಕಾರಿ ಎಂಬುದು ಕಂಡುಬಂತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಬಾಟಲಿ ಔಷಧಿ ಬರೆದುಕೊಡದ ವೈದ್ಯರನ್ನು ನಾವು ಅರೆಮನಸ್ಸಿನಿಂದ ನಂಬುತ್ತೇವೆ. ಈ ಕಾಯಿಲೆಯಲ್ಲಿ ಬರೀ ಮುಲಾಮು ಕೊಟ್ಟು ಕಳಿಸಿದ ವೈದ್ಯರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಮಗುವಿನ ಹೊಟ್ಟೆಗೆ ಬೇಡದ ಆ್ಯಂಟಿಬಯಾಟಿಕ್ ಹೋಗಲಿಲ್ಲ, ಭೇದಿ ಶುರುವಾಗಲಿಲ್ಲ.

ಹಚ್ಚುವ ಕ್ರಮದಲ್ಲಿಯೇ ಅರ್ಧ ಗುಣವಿದೆ. ದಪ್ಪ ಹಕ್ಕಳೆಯ ಮೇಲೆ ಮುಲಾಮು ಬಳಿದರೆ ಅದು ಅಲ್ಲೇ ಉಳಿಯುತ್ತದೆ, ಬ್ಯಾಕ್ಟೀರಿಯಾ ಇರುವುದು ಅದರ ಕೆಳಗೆ. ಮೊದಲು ನಿಮ್ಮ ಕೈಯನ್ನು ಸೋಪಿನಿಂದ ತೊಳೆಯಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಶುಭ್ರವಾದ ಹತ್ತಿಬಟ್ಟೆಯನ್ನು ಹಕ್ಕಳೆಯ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಅದು ಮೆದುವಾದ ಮೇಲೆ ಸೋಪು ನೀರಿನಿಂದ ಮೃದುವಾಗಿ ಒರೆಸಿ. ತಾನಾಗಿ ಬಂದಷ್ಟು ಹಕ್ಕಳೆ ಬರಲಿ, ರಕ್ತ ಬರುವಂತೆ ಕಿತ್ತು ತೆಗೆಯಬೇಡಿ. ತೇವ ಒತ್ತಿ ಒಣಗಿಸಿ, ಹುಣ್ಣಿನ ಮೇಲೂ ಅದರ ಸುತ್ತಲೂ ತೆಳುವಾಗಿ ಮುಲಾಮು ಹಚ್ಚಿ. ಟ್ಯೂಬಿನ ಬಾಯಿ ಹುಣ್ಣಿಗೆ ತಗಲದಿರಲಿ. ಮಗು ಕೆರೆಯುವ ಜಾಗವಾದರೆ ಸಡಿಲವಾಗಿ ಬ್ಯಾಂಡೇಜ್ ಸುತ್ತಿ. ಆಮೇಲೆ ಮತ್ತೊಮ್ಮೆ ಕೈ ತೊಳೆಯಿರಿ, ಒರೆಸಿದ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ. ಮಗುವಿನ ಉಗುರುಗಳನ್ನು ಅಂದೇ ಕತ್ತರಿಸಿ. ಎರಡು ದಿನದಲ್ಲಿ ಒಣಗಿದಂತೆ ಕಂಡರೂ ಹೇಳಿದಷ್ಟು ದಿನ ಪೂರ್ತಿ ಹಚ್ಚಬೇಕು. ಹಾಗೆಯೇ, ಉಳಿದ ಮುಲಾಮನ್ನು ಇನ್ನೊಬ್ಬರ ಹುಣ್ಣಿಗೆ, ಮುಂದಿನ ಸಲದ ಗುಳ್ಳೆಗೆ ಎಂದು ಎತ್ತಿಡಬಾರದು. ಬೇಕಾಬಿಟ್ಟಿ ಬಳಸಿದಷ್ಟೂ ಈ ಔಷಧಿಗಳಿಗೆ ಬಗ್ಗದ ತಳಿಗಳು ಹೆಚ್ಚುತ್ತವೆ, ಫ್ಯೂಸಿಡಿಕ್ ಆಮ್ಲದ ವಿಷಯದಲ್ಲಿ ಹಲವು ದೇಶಗಳಲ್ಲಿ ಇದು ಆಗಿದೆ.

ಹುಣ್ಣುಗಳು ಮೈಯಲ್ಲಿ ಹಲವೆಡೆ ಹರಡಿದ್ದರೆ, ದೊಡ್ಡ ನೀರುಗುಳ್ಳೆಗಳಿದ್ದರೆ, ಜ್ವರವಿದ್ದರೆ, ಮನೆಯಲ್ಲಿ ಅಥವಾ ಹಾಸ್ಟೆಲಿನಲ್ಲಿ ಹಲವರಿಗೆ ಒಟ್ಟಿಗೆ ಬಂದಿದ್ದರೆ ನುಂಗುವ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಸೆಫಲೆಕ್ಸಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಾಮಾನ್ಯ ಆಯ್ಕೆಗಳು, ಅವಧಿ ಹೆಚ್ಚಾಗಿ ಏಳು ದಿನ. ಪ್ರಮಾಣ ಮಗುವಿನ ತೂಕದ ಮೇಲೆ ನಿರ್ಧಾರವಾಗುತ್ತದೆ, ಆದ್ದರಿಂದ ಅಣ್ಣನಿಗೆ ಬರೆದುಕೊಟ್ಟದ್ದನ್ನು ತಮ್ಮನಿಗೆ ಕುಡಿಸುವಂತಿಲ್ಲ. ಹಳೆಯ ಪೆನಿಸಿಲಿನ್ ಮಾತ್ರೆ ಇಲ್ಲಿ ಒಳ್ಳೆಯ ಆಯ್ಕೆಯಲ್ಲ, ಏಕೆಂದರೆ ಸ್ಟ್ಯಾಫಿಲೊಕಾಕಸ್‌ನ ಬಹುಪಾಲು ತಳಿಗಳು ಪೆನಿಸಿಲಿನನ್ನು ಒಡೆದುಹಾಕುವ ಕಿಣ್ವವನ್ನು ಹೊಂದಿವೆ. ಎಂಆರ್‌ಎಸ್‌ಎ ಎಂದು ಕರೆಯುವ, ಇನ್ನೂ ಹೆಚ್ಚು ಔಷಧಿಗಳಿಗೆ ಬಗ್ಗದ ತಳಿ ಇದೆ ಎನ್ನುವ ಅನುಮಾನ ಬಂದರೆ ವೈದ್ಯರು ಹುಣ್ಣಿನ ಕೀವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ಔಷಧಿ ಬದಲಿಸುತ್ತಾರೆ. ಮೂರು ದಿನ ಸರಿಯಾಗಿ ಔಷಧಿ ಬಳಸಿದರೂ ಹುಣ್ಣುಗಳು ಹೆಚ್ಚುತ್ತಲೇ ಇದ್ದರೆ ವೈದ್ಯರ ಬಳಿಗೆ ಮರಳಿ ಹೋಗುವುದು ಇದೇ ಕಾರಣಕ್ಕೆ.

ಔಷಧ ಅಂಗಡಿಯ ಸರ್ವರೋಗ ಮುಲಾಮು

ಚರ್ಮದ ಮೇಲೆ ಏನೇ ಎದ್ದರೂ ಮೊದಲು ಔಷಧ ಅಂಗಡಿಗೆ ಹೋಗಿ ‘ಗುಳ್ಳೆಗೆ ಒಂದು ಟ್ಯೂಬ್ ಕೊಡಿ’ ಎನ್ನುವುದು ನಮ್ಮಲ್ಲಿ ರೂಢಿ. ಕೈಗೆ ಬರುವುದು ಬಹಳ ಸಲ ಒಂದು ಮಿಶ್ರಣ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಪ್ರಬಲವಾದ ಸ್ಟೀರಾಯ್ಡ್. ಬೀಟಾಮೆಥಸೋನ್ ಅಥವಾ ಕ್ಲೋಬೆಟಾಸಾಲ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಎಂದರ್ಥ.

ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಸ್ಟೀರಾಯ್ಡ್ ಹಚ್ಚಿದ ಮರುದಿನವೇ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ತಾಯಿಗೆ ನೆಮ್ಮದಿಯಾಗುತ್ತದೆ, ಅಂಗಡಿಯವನ ಮೇಲೆ ನಂಬಿಕೆ ಬೆಳೆಯುತ್ತದೆ. ಆದರೆ ಕೆಂಪು ಮತ್ತು ತುರಿಕೆ ಎಂದರೆ ದೇಹ ಸೋಂಕಿನೊಂದಿಗೆ ಸೆಣಸುತ್ತಿರುವುದರ ಗುರುತು. ಸ್ಟೀರಾಯ್ಡ್ ಆ ಸೆಣಸಾಟವನ್ನೇ ಅಡಗಿಸುತ್ತದೆ. ಸೋಂಕು ಕಣ್ಣಿಗೆ ಕಾಣದಂತೆ ಒಳಗೆ ಬೆಳೆಯುತ್ತದೆ, ಹುಳುಕಡ್ಡಿಯಂಥದ್ದಿದ್ದರೆ ಗುರುತೇ ಸಿಗದಂತೆ ರೂಪ ಬದಲಿಸುತ್ತದೆ. ಮಗುವಿನ ಮುಖದ ತೆಳು ಚರ್ಮ ಇನ್ನೂ ತೆಳುವಾಗುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಟ್ಯೂಬ್ ನಿಲ್ಲಿಸಿದೊಡನೆ ಉರಿ ಎರಡುಪಟ್ಟಾಗಿ ಮರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನಿಯಮ ಬಂದ ಮೇಲೂ ಬಾಯಿಮಾತಿನಲ್ಲಿ ಕೇಳಿ ತರುವ ರೂಢಿ ಹೋಗಿಲ್ಲ. ಕೊಳ್ಳುವವರು ಟ್ಯೂಬನ್ನು ತಿರುಗಿಸಿ ಹೆಸರು ಓದುವುದು ಸದ್ಯಕ್ಕೆ ಇರುವ ರಕ್ಷಣೆ.

ಮನೆಮದ್ದಿನ ವಿಷಯದಲ್ಲಿ ನಾನು ಅಷ್ಟು ಕಠಿಣವಾಗಲಾರೆ. ಬೇವಿನ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿಸುವುದರಿಂದ ಮೈ ಸ್ವಚ್ಛವಾಗುತ್ತದೆ, ಹಾನಿಯಿಲ್ಲ. ಮುಲಾಮಿನ ಜೊತೆಗೆ ಅದೂ ನಡೆಯಲಿ, ಮುಲಾಮಿನ ಬದಲಿಗೆ ಬೇಡ. ಹುಣ್ಣಿಗೆ ಸುಣ್ಣ, ಬೂದಿ, ಟೂತ್‌ಪೇಸ್ಟ್ ಬಳಿಯುವುದು ಮಾತ್ರ ಚರ್ಮವನ್ನು ಸುಟ್ಟು ಗಾಯವನ್ನು ಆಳ ಮಾಡುತ್ತದೆ. ಆ್ಯಂಟಿಬಯಾಟಿಕ್ ಕ್ಯಾಪ್ಸೂಲನ್ನು ಒಡೆದು ಪುಡಿ ಉದುರಿಸುವುದನ್ನೂ ಬಿಡಬೇಕು. ಪುಡಿ ಜಿನುಗುವ ನೀರಿನೊಂದಿಗೆ ಬೆರೆತು ಗಟ್ಟಿಯಾಗಿ ಹೊಸ ಹಕ್ಕಳೆಯಾಗುತ್ತದೆ, ಕೀವು ಅದರಡಿ ಸಿಕ್ಕಿಹಾಕಿಕೊಳ್ಳುತ್ತದೆ. ಗಾಯದ ಪುಡಿಗಳಲ್ಲಿರುವ ನಿಯೋಮೈಸಿನ್ ಕೆಲವು ಮಕ್ಕಳಿಗೆ ಅಲರ್ಜಿಯನ್ನೂ ತರುತ್ತದೆ.

ಹಕ್ಕಳೆಯ ಕೆಳಗೆ ಏನಿದೆ

ಎರಡನೆಯ ಸಲ ಇಂಪೆಟೈಗೊ ಬಂದ ಮಗುವಿನ ಇಡೀ ಮೈಯನ್ನು ಬೆಳಕಿನಲ್ಲಿ ನೋಡಬೇಕು. ಬೆರಳುಗಳ ಸಂದು, ಮಣಿಕಟ್ಟು, ಕಂಕುಳು, ಸೊಂಟದ ಉಡಿದಾರದ ಸುತ್ತ, ಗಂಡುಮಕ್ಕಳಲ್ಲಿ ಜನನಾಂಗದ ಮೇಲೆ ಸಣ್ಣ ಸಣ್ಣ ತುರಿಕೆಯ ಗುಳ್ಳೆಗಳಿವೆಯೇ? ಹಸುಗೂಸಾದರೆ ಅಂಗೈ ಅಂಗಾಲುಗಳಲ್ಲಿ? ತುರಿಕೆ ರಾತ್ರಿ ಹೆಚ್ಚೇ? ಮನೆಯಲ್ಲಿ ಬೇರೆಯವರೂ ಕೆರೆದುಕೊಳ್ಳುತ್ತಿದ್ದಾರೆಯೇ? ಹೌದು ಎಂದಾದರೆ ಕೆಳಗಿರುವುದು ತುರಿಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ, ಮಗು ಕೆರೆಯುತ್ತದೆ, ಕೆರೆದ ಗೀರಿನಲ್ಲಿ ಬ್ಯಾಕ್ಟೀರಿಯಾ ಸೇರುತ್ತದೆ. ನುಸಿಯನ್ನು ಬಿಟ್ಟು ಕೀವಿಗೆ ಮಾತ್ರ ಔಷಧ ಕೊಟ್ಟರೆ ಹುಣ್ಣು ಮಾಯುತ್ತದೆ, ಕೆರೆತ ಉಳಿಯುತ್ತದೆ, ಹುಣ್ಣು ಮರಳುತ್ತದೆ.

ಈ ನಂಟು ಎಷ್ಟು ಗಟ್ಟಿ ಎನ್ನುವುದನ್ನು ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗ ಸ್ಪಷ್ಟವಾಗಿ ತೋರಿಸಿತು. ಅಲ್ಲಿ ಒಂದು ಗುಂಪಿನ ಹಳ್ಳಿಗಳಲ್ಲಿ ತುರಿಕಜ್ಜಿ ಇದ್ದವರಿಗೂ ಇಲ್ಲದವರಿಗೂ, ಊರಿಗೆ ಊರಿಗೇ ಐವರ್ಮೆಕ್ಟಿನ್ ಮಾತ್ರೆ ಕೊಡಲಾಯಿತು. ಪುಟ್ಟ ಮಕ್ಕಳಂಥ ಮಾತ್ರೆ ನುಂಗಬಾರದವರಿಗೆ ಪರ್ಮೆಥ್ರಿನ್ ಕ್ರೀಮ್. ಒಂದು ವರ್ಷದ ನಂತರ ತುರಿಕಜ್ಜಿ ಶೇಕಡಾ 32ರಿಂದ 2ಕ್ಕೆ ಇಳಿದಿತ್ತು. ಇಂಪೆಟೈಗೊಗೆಂದು ಪ್ರತ್ಯೇಕವಾದ ಸಾಮೂಹಿಕ ಚಿಕಿತ್ಸೆ ಇಲ್ಲದೆಯೇ ಅದೂ ಸುಮಾರು ಶೇಕಡಾ 25ರಿಂದ 8ಕ್ಕೆ ಇಳಿಯಿತು. ಐವರ್ಮೆಕ್ಟಿನ್ ಈ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧವಲ್ಲ. ಕೆರೆತ ನಿಂತಿತು, ಬಿರುಕು ಮುಚ್ಚಿತು.

ನಮ್ಮ ಮನೆಗಳಲ್ಲಿ ಇದರ ಅರ್ಥ ಇಷ್ಟು: ತುರಿಕಜ್ಜಿ ಇದ್ದರೆ ಮಗುವಿಗೊಬ್ಬನಿಗೇ ಅಲ್ಲ, ಅಜ್ಜಿಯಿಂದ ಹಿಡಿದು ಒಂದೇ ಸೂರಿನಡಿ ಮಲಗುವ ಎಲ್ಲರಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು. ಶೇಕಡಾ 5ರ ಪರ್ಮೆಥ್ರಿನ್ ಕ್ರೀಮನ್ನು ರಾತ್ರಿ ಕುತ್ತಿಗೆಯಿಂದ ಕಾಲ್ಬೆರಳವರೆಗೆ, ಉಗುರಿನ ಸಂದುಗಳನ್ನೂ ಬಿಡದೆ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ಸ್ನಾನ ಮಾಡಬೇಕು. ಹಸುಗೂಸುಗಳಿಗೆ ತಲೆಗೂ ಹಚ್ಚಬೇಕಾಗುತ್ತದೆ, ಅದನ್ನು ವೈದ್ಯರನ್ನು ಕೇಳಿಯೇ ಮಾಡಿ. ಜಿನುಗುವ ಹುಣ್ಣುಗಳಿದ್ದರೆ ಯಾವುದನ್ನು ಮೊದಲು ಹಚ್ಚಬೇಕೆಂಬುದನ್ನೂ ಕೇಳಿಕೊಳ್ಳಿ. ಒಂದು ವಾರದ ನಂತರ ಮತ್ತೊಮ್ಮೆ ಇದೇ ಕ್ರಮ. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಕಂಬಳಿಯಂಥವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೂ ಆಗುತ್ತದೆ, ಏಕೆಂದರೆ ಮನುಷ್ಯನ ಮೈಯಿಂದ ದೂರವಾದ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದು ಅಪರೂಪ.

ಹುಣ್ಣು ತಲೆಯಲ್ಲಿ, ಅದರಲ್ಲೂ ಹಿಂದಲೆಯಲ್ಲಿ ಮತ್ತು ಕುತ್ತಿಗೆಯ ಕೂದಲಂಚಿನಲ್ಲಿ ಇದ್ದರೆ ಹೇನು ಹುಡುಕಿ. ಉದ್ದ ಜಡೆಯ ಹೆಣ್ಣುಮಕ್ಕಳಲ್ಲಿ ಕೀವು ಕೂದಲಿಗೆ ಅಂಟಿ ಗಂಟುಗಟ್ಟಿರುತ್ತದೆ. ಹೇನು ಹೋಗದೆ ಆ ಹುಣ್ಣು ಹೋಗುವುದಿಲ್ಲ. ತುರಿಕಜ್ಜಿಯೂ ಇಲ್ಲ, ಹೇನೂ ಇಲ್ಲ, ಇಸುಬೂ ಇಲ್ಲ, ಆದರೂ ಮರಳುತ್ತಿದೆ ಎಂದಾದರೆ ಮನೆಯ ಯಾರದೋ ಮೂಗಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿರಬಹುದು. ಅಂಥ ಸಂದರ್ಭದಲ್ಲಿ ವೈದ್ಯರು ಮೂಗಿನೊಳಗೆ ಕೆಲವು ದಿನ ಮುಪಿರೋಸಿನ್ ಹಚ್ಚಲು ಹೇಳುವುದುಂಟು.

ಇವೆಲ್ಲದರ ಜೊತೆಗೆ ಸೋಪು. 2005ರಲ್ಲಿ ಪ್ರಕಟವಾದ ಕರಾಚಿಯ ಕೊಳೆಗೇರಿಗಳ ಅಧ್ಯಯನವೊಂದರಲ್ಲಿ, ಮನೆಗಳಿಗೆ ಸೋಪು ಕೊಟ್ಟು ಕೈತೊಳೆಯುವ ಅಭ್ಯಾಸವನ್ನು ವಾರವಾರವೂ ಹೇಳಿಕೊಡಲಾಯಿತು. ಆ ಮನೆಗಳ ಮಕ್ಕಳಲ್ಲಿ ಇಂಪೆಟೈಗೊ ಶೇಕಡಾ 34ರಷ್ಟು ಕಡಿಮೆಯಾಯಿತು, ಭೇದಿ ಮತ್ತು ನ್ಯುಮೋನಿಯಾ ಸುಮಾರು ಅರ್ಧಕ್ಕೆ ಇಳಿದವು. ಇನ್ನೊಂದು ಸಂಗತಿಯೂ ಗೊತ್ತಾಯಿತು: ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ಹೇಳಿಕೊಂಡು ಮಾರುವ ಬಗೆಯ ಸೋಪಿಗೂ ಸಾದಾ ಸೋಪಿಗೂ ಫಲದಲ್ಲಿ ವ್ಯತ್ಯಾಸವಿರಲಿಲ್ಲ. ಹೆಚ್ಚು ಬೆಲೆ ಕೊಡುವ ಅಗತ್ಯವಿಲ್ಲ, ನಲ್ಲಿಯ ಪಕ್ಕದಲ್ಲಿ ಸೋಪು ಇರಬೇಕು ಅಷ್ಟೇ. ಅದಕ್ಕೆ ನಲ್ಲಿಯಲ್ಲಿ ನೀರೂ ಬರಬೇಕು. ಎಷ್ಟೋ ಕಡೆ ಕೊರತೆ ಇರುವುದು ತಾಯಂದಿರ ತಿಳಿವಳಿಕೆಯಲ್ಲಿ ಅಲ್ಲ, ನೀರಿನಲ್ಲಿ. ‘ಶುಚಿಯಾಗಿಟ್ಟುಕೊಳ್ಳಿ’ ಎಂದು ಗದರಿಸಿ ಕಳಿಸುವ ಮೊದಲು ಇದು ನೆನಪಾದರೆ ಒಳ್ಳೆಯದು.

ಶಾಲೆ, ಅಂಗನವಾಡಿ

ಚಿಕಿತ್ಸೆ ಶುರುವಾದ ಒಂದೆರಡು ದಿನಗಳಲ್ಲಿ ಸೋಂಕು ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ಅಷ್ಟು ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು, ಆಮೇಲೆ ಜಿನುಗುವ ಹುಣ್ಣನ್ನು ಮುಚ್ಚಿ ಕಳಿಸಬಹುದು. ಹಕ್ಕಳೆ ಪೂರ್ತಿ ಉದುರುವ ತನಕ ವಾರಗಟ್ಟಲೆ ಕೂರಿಸಬೇಕಿಲ್ಲ. ತರಗತಿಯಲ್ಲಿ ಆ ಮಗುವನ್ನು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರಿಸುವುದು, ಕಜ್ಜಿ ಎಂದು ಹೆಸರಿಟ್ಟು ಕರೆಯುವುದು ಕ್ರೌರ್ಯ. ಅದರಿಂದ ಆಗುವ ಇನ್ನೊಂದು ನಷ್ಟವೆಂದರೆ ಮುಂದಿನ ಸಲ ಬೇರೊಂದು ಮನೆಯವರು ಹುಣ್ಣನ್ನು ತೋರಿಸದೆ ಮುಚ್ಚಿಡುತ್ತಾರೆ. ಮನೆಯಲ್ಲಿ ಬಾಣಂತಿ, ಎಳೆಗೂಸು ಇದ್ದರೆ ಮಾತ್ರ ಹುಣ್ಣಿರುವ ಮಗುವನ್ನು ಹುಣ್ಣು ಒಣಗುವವರೆಗೆ ಅವರಿಂದ ದೂರ ಇರಿಸಿ, ಎಳೆಗೂಸನ್ನು ಎತ್ತಿಕೊಳ್ಳಲು ಬಿಡಬೇಡಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಮ್ಮೆ ಭೇಟಿ ಕೊಟ್ಟು ಮಕ್ಕಳನ್ನು ಪರೀಕ್ಷಿಸಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ತುರಿಕಜ್ಜಿ, ಶಿಲೀಂಧ್ರ ಸೋಂಕು, ಇಸುಬು ಇವೆ. ತಂಡ ಬಂದ ದಿನ ಮಗುವಿನ ಹುಣ್ಣುಗಳನ್ನು ತೋರಿಸಲು ಶಿಕ್ಷಕಿಗೆ ಹೇಳಿಟ್ಟರೆ ತರಗತಿಯ ಉಳಿದ ಮಕ್ಕಳನ್ನೂ ನೋಡಿದಂತಾಗುತ್ತದೆ.

ಅಪರೂಪದ ಅಪಾಯಗಳು

ಹುಣ್ಣಿನ ಸುತ್ತ ಕೆಂಪು ಬಾವು ದಿನದಿಂದ ದಿನಕ್ಕೆ ಹಿಗ್ಗುತ್ತಾ, ಮುಟ್ಟಿದರೆ ಬಿಸಿಯಾಗಿ ನೋಯುತ್ತಿದ್ದರೆ, ಮಗು ಜ್ವರದಿಂದ ಮಂಕಾದರೆ, ಕಣ್ಣಿನ ಬಳಿ ಬಾವು ಬಂದರೆ, ಅಥವಾ ಹುಣ್ಣು ಇರುವುದು ಒಂದು ವರ್ಷದೊಳಗಿನ ಕೂಸಿಗೆ ಆದರೆ, ಮನೆಯಲ್ಲಿ ಕಾಯಬೇಡಿ. ಕಾಲುಗಳ ಮೇಲಿನ ಹುಣ್ಣು ದಪ್ಪ ಕಪ್ಪು ಹಕ್ಕಳೆ ಕಟ್ಟಿ, ಅದರಡಿ ಗುಂಡಿಯಂತೆ ಆಳವಾಗಿದ್ದರೆ ಸೋಂಕು ಮೇಲ್ಪದರವನ್ನು ದಾಟಿದೆ. ಅದಕ್ಕೆ ನುಂಗುವ ಔಷಧಿ ಬೇಕು, ಮಾಯ್ದ ಮೇಲೂ ಕಲೆ ಉಳಿಯುತ್ತದೆ.

ಇನ್ನೊಂದು ತೊಡಕು ಹುಣ್ಣು ಮಾಯ್ದು ಮರೆತುಹೋದ ಮೇಲೆ ಬರುತ್ತದೆ, ಹೀಗಾಗಿ ಹುಣ್ಣಿಗೂ ಅದಕ್ಕೂ ನಂಟು ಕಟ್ಟುವುದು ಮನೆಯವರಿಗೆ ಹೊಳೆಯುವುದಿಲ್ಲ. ಸ್ಟ್ರೆಪ್ಟೊಕಾಕಸ್‌ನ ಕೆಲವು ತಳಿಗಳಿಂದ ಚರ್ಮದ ಸೋಂಕಾದ ಮೂರರಿಂದ ಆರು ವಾರಗಳ ನಂತರ ಕೆಲವು ಮಕ್ಕಳಲ್ಲಿ ಮೂತ್ರಪಿಂಡಗಳು ಊದಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಹೋಗಿರುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ರೂಪಿಸಿದ ಸಂಯುಕ್ತಗಳು ಅಲ್ಲಿನ ಸೂಕ್ಷ್ಮ ಜರಡಿಗಳಲ್ಲಿ ಸಿಕ್ಕಿಕೊಂಡು ಉರಿಯೂತ ತರುತ್ತವೆ. ಮಗುವಿನ ಕಣ್ಣಿನ ಸುತ್ತ ಬೆಳಿಗ್ಗೆ ಎದ್ದಾಗ ಬಾವು, ಮೂತ್ರ ಕಟುಚಹಾದ ಅಥವಾ ಕೋಲಾದ ಬಣ್ಣಕ್ಕೆ ತಿರುಗುವುದು, ಮೂತ್ರದ ಪ್ರಮಾಣ ಇಳಿಯುವುದು, ತಲೆನೋವು ಇದರ ಸುಳಿವುಗಳು. ರಕ್ತದೊತ್ತಡ ಏರಿರಬಹುದು, ಅದನ್ನು ಅಳೆಯಲೇಬೇಕು. ವೈದ್ಯರ ಬಳಿ ಹೋದಾಗ ‘ಕಳೆದ ತಿಂಗಳು ಮೈಮೇಲೆ ಕೀವಿನ ಹುಣ್ಣಾಗಿತ್ತು’ ಎಂಬ ಒಂದು ಮಾತನ್ನು ಮರೆಯದೆ ಹೇಳಿ, ರೋಗ ಪತ್ತೆಗೆ ಅದು ತುಂಬಾ ನೆರವಾಗುತ್ತದೆ. ಬಹುಪಾಲು ಮಕ್ಕಳು ಇದರಿಂದ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮಗುವಿಗೆ ಇದು ಬರುವುದೇ ಇಲ್ಲ ಎಂದು ಹೇಳುವಷ್ಟು ಪುರಾವೆಯಿಲ್ಲ. ಔಷಧಿಯಿಂದ ಆ ತಳಿ ಇತರ ಮಕ್ಕಳಿಗೆ ಹರಡುವುದು ತಗ್ಗುತ್ತದೆ, ಅದು ದೊಡ್ಡ ಲಾಭವೇ.

ಹುಣ್ಣು ಮಾಯ್ದ ಜಾಗದಲ್ಲಿ ನಮ್ಮಂಥ ಕಂದುಬಣ್ಣದ ಚರ್ಮದ ಮೇಲೆ ಮಸುಕಾದ ಬಿಳಿಚುಕ್ಕೆ ಉಳಿಯುವುದು ಸಾಮಾನ್ಯ. ತೊನ್ನು ಬಂತೆಂದು ಎಷ್ಟೋ ಮನೆಗಳಲ್ಲಿ ಗಾಬರಿಯಾಗುತ್ತಾರೆ, ಅದರಲ್ಲೂ ಹೆಣ್ಣುಮಗುವಾದರೆ. ಇದು ತೊನ್ನಲ್ಲ. ಉರಿಯೂತದ ನಂತರ ಬಣ್ಣ ಮರಳಲು ಚರ್ಮ ಕೆಲವು ವಾರಗಳಿಂದ ಕೆಲವು ತಿಂಗಳು ತೆಗೆದುಕೊಳ್ಳುತ್ತದೆ, ಅದಕ್ಕೆ ಯಾವ ಮುಲಾಮೂ ಬೇಡ. ಚುಕ್ಕೆ ಹಾಲಿನಂತೆ ಅಚ್ಚ ಬಿಳಿಯಾಗಿ, ಅಂಚು ಗೆರೆ ಕೊರೆದಂತೆ ಸ್ಪಷ್ಟವಾಗಿ, ಹುಣ್ಣಾಗದ ಜಾಗಗಳಲ್ಲೂ ಕಾಣಿಸಿಕೊಂಡರೆ ಆಗ ಚರ್ಮವೈದ್ಯರಿಗೆ ತೋರಿಸಿ.